ಎಷ್ಟು ಆಳಕ್ಕೆ ನೋಡಿ ಬರೆದದ್ದು?

ಹೋದ ತಿಂಗಳ ಒಂದು ಗುರುವಾರ, ಸಂಜೆ ಆರೂವರೆ. ಆಫೀಸಿನ ಚಿಕ್ಕ ಮೀಟಿಂಗ್ ರೂಮಿನಲ್ಲಿ ನಾನೂ ಇನ್ನೊಬ್ಬ ಸಹೋದ್ಯೋಗಿಯೂ ಒಂದು ಇಂಟರ್‌ವ್ಯೂ ಮಾಡಬೇಕಿತ್ತು. ಆ ದಿನದ ನಾಲ್ಕನೆಯದು. ಹೊರಗೆ ಮಳೆ, ಕ್ಯಾಬ್ ಸಿಗುತ್ತೋ ಇಲ್ಲವೋ ಅನ್ನೋ ಚಿಂತೆ ಬೇರೆ. ಅವನು ಲ್ಯಾಪ್‌ಟಾಪಿನಲ್ಲಿ ಅಭ್ಯರ್ಥಿಯ ಹೆಸರು ಹೊಡೆದ ಕೂಡಲೇ ಹಳೆಯ ಟಿಪ್ಪಣಿಯೊಂದು ಎದ್ದು ಬಂತು. ಈ ಹುಡುಗ ಮೂರು ವರ್ಷದ ಹಿಂದೆಯೂ ನಮ್ಮಲ್ಲಿಗೆ ಬಂದಿದ್ದನಂತೆ. ಟಿಪ್ಪಣಿ ಎರಡೇ ವಾಕ್ಯ: "ಬೇಸಿಕ್ಸ್ ವೀಕ್. ಮುಂದಿನ ಸುತ್ತಿಗೆ ಬೇಡ."

"ಹಳೇ ಗಿರಾಕಿ ಗುರೂ. ಸ್ವಲ್ಪ ಹೊತ್ತು ಮಾತಾಡಿಸಿ ಕಳಿಸಿಬಿಡೋಣ," ಅಂದ.

ಹಾಗೇ ಮಾಡಿದೆವು. ಹುಡುಗ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದ ಅಂತ ಈಗ ಅನ್ನಿಸುತ್ತೆ. ಆಗ ಅನ್ನಿಸಲಿಲ್ಲ. ಒಂದು ಪ್ರಶ್ನೆಗೆ ಐದಾರು ಸೆಕೆಂಡು ಸುಮ್ಮನಾದ. ನನ್ನ ಮನಸ್ಸು ತಕ್ಷಣ "ನೋಡು, ಬೇಸಿಕ್ಸ್" ಅಂದಿತು. ಬೇರೆ ಯಾರಾದರೂ ಅಷ್ಟು ಹೊತ್ತು ಸುಮ್ಮನಿದ್ದಿದ್ದರೆ "ಯೋಚನೆ ಮಾಡಿ ಮಾತಾಡ್ತಾರೆ" ಅಂದುಕೊಳ್ಳುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಮುಗಿಸಿ, "ಹಿಂದಿನ ಅಭಿಪ್ರಾಯವೇ ಸರಿ ಇದೆ" ಅಂತ ಬರೆದು ಸಬ್‌ಮಿಟ್ ಒತ್ತಿದೆ. ಒತ್ತಿದ ಮೇಲೆ ಎರಡೂ ಟಿಪ್ಪಣಿಗಳು ಒಂದರ ಕೆಳಗೊಂದು ಕಂಡವು. ಬರೆದವರ ಹೆಸರಿನ ಜೊತೆಗೆ. ಎರಡೂ ಕಡೆ ನನ್ನದೇ ಹೆಸರು.

ನನಗೆ ಆ ಮೊದಲನೇ ಇಂಟರ್‌ವ್ಯೂ ಒಂಚೂರೂ ನೆನಪಿರಲಿಲ್ಲ. ನನ್ನದೇ ಮಾತನ್ನು ಯಾರೋ ತಿಳಿದವರ ಮಾತು ಅಂತ ನಂಬಿ, ಅದಕ್ಕೆ ನಾನೇ ಸಾಕ್ಷಿ ಹೇಳಿ ಎದ್ದಿದ್ದೆ.

ಈ ಪ್ರಸಂಗ ಇಷ್ಟೊಂದು ಕಾಡಲು ಇನ್ನೊಂದು ಕಾರಣವಿದೆ. ಕೆಲವು ತಿಂಗಳುಗಳಿಂದ ನಾನು ವೀಕೆಂಡಿನಲ್ಲಿ ಚೆಸ್ ಆಡುವ ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ನನ್ನನ್ನು ಸೋಲಿಸುತ್ತೆ, ಅದೇನೂ ದೊಡ್ಡ ಸಾಧನೆಯಲ್ಲ ಬಿಡಿ. ಆ ವಾರ ನಾನು ಬರೆಯುತ್ತಿದ್ದದ್ದು ಅದರ ನೆನಪಿನ ಭಾಗ. ಒಮ್ಮೆ ಲೆಕ್ಕ ಹಾಕಿದ ಸ್ಥಿತಿ ಮತ್ತೆ ಎದುರಾದಾಗ ಹಳೆಯ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬೇಕು ಅನ್ನೋ ಭಾಗ. ಗುರುವಾರ ಸಂಜೆ ನಾನು ಹುಡುಗನ ಜೊತೆ ಮಾಡಿದ್ದನ್ನು ನನ್ನ ಪ್ರೋಗ್ರಾಂ ಮಾಡಿದ್ದರೆ ಅದನ್ನು ಬಗ್ ಅಂತ ಕರೆದು ಶನಿವಾರ ಸರಿ ಮಾಡುತ್ತಿದ್ದೆ.

ಈ ಪ್ರೋಗ್ರಾಂಗಳಿಗೆ ನೆನಪು ಯಾಕೆ ಬೇಕು ಅಂದರೆ, ಚದುರಂಗದಲ್ಲಿ ಒಂದೇ ಜಾಗಕ್ಕೆ ಹಲವು ದಾರಿಗಳು. ನೀವು ಮೊದಲು ಕಾಲಾಳು ತಳ್ಳಿ ಆಮೇಲೆ ಕುದುರೆ ಹಾರಿಸಬಹುದು, ಮೊದಲು ಕುದುರೆ ಹಾರಿಸಿ ಆಮೇಲೆ ಕಾಲಾಳು ತಳ್ಳಬಹುದು. ಕೊನೆಗೆ ಮಣೆಯ ಮೇಲಿನ ಚಿತ್ರ ಒಂದೇ. ಮುಂದೆ ಏನೇನಾಗಬಹುದು ಅಂತ ಹುಡುಕುವ ಪ್ರೋಗ್ರಾಂಗೆ ಹೀಗೆ ಒಂದೇ ಸ್ಥಿತಿ ಮತ್ತೆ ಮತ್ತೆ ಸಿಗುತ್ತಲೇ ಇರುತ್ತದೆ. ಪ್ರತಿ ಸಲ ಮೊದಲಿಂದ ಲೆಕ್ಕ ಹಾಕುತ್ತಾ ಕೂತರೆ ಮುಗಿಯುವುದೇ ಇಲ್ಲ. ಹಾಗಾಗಿ ಒಮ್ಮೆ ನೋಡಿದ್ದನ್ನು ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ. ಇದಕ್ಕೆ ಟ್ರಾನ್ಸ್‌ಪೊಸಿಷನ್ ಟೇಬಲ್ ಅಂತ ಹೆಸರು. 1967ರ ಹೊತ್ತಿಗೆ ಎಂಐಟಿಯಲ್ಲಿ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ ಮ್ಯಾಕ್ ಹ್ಯಾಕ್ ಎಂಬ ಚೆಸ್ ಪ್ರೋಗ್ರಾಂನಲ್ಲೇ ಇದು ಇತ್ತು. ಪ್ರತಿ ಸ್ಥಿತಿಗೂ ಒಂದು ಸಂಖ್ಯೆ ಕೊಟ್ಟು ಬೇಗ ಹುಡುಕುವ ಉಪಾಯವನ್ನು 1970ರಲ್ಲಿ ಆಲ್ಬರ್ಟ್ ಝೋಬ್ರಿಸ್ಟ್ ವಿವರಿಸಿದರು. ಚೆಸ್ ಪ್ರೋಗ್ರಾಂಗಳು ಇವತ್ತಿಗೂ ಅದನ್ನೇ ಬಳಸುತ್ತವೆ.

ನನಗೆ ಮುಖ್ಯ ಅನ್ನಿಸಿದ್ದು ಆ ಕೋಷ್ಟಕದ ಒಂದೊಂದು ಸಾಲಿನಲ್ಲಿ ಏನೇನು ಇರುತ್ತೆ ಅನ್ನೋದು. ಅಂಕ ಇರುತ್ತದೆ, ಅಂದರೆ ಈ ಸ್ಥಿತಿ ಎಷ್ಟು ಒಳ್ಳೆಯದು, ಎಷ್ಟು ಕೆಟ್ಟದು ಅಂತ. ಆ ಅಂಕ ನಿಖರವೋ, ಅಥವಾ "ಕನಿಷ್ಠ ಇಷ್ಟು", "ಗರಿಷ್ಠ ಇಷ್ಟು" ಅನ್ನುವ ಅಂದಾಜೋ ಅಂತ ಇರುತ್ತದೆ. ಆಗ ಒಳ್ಳೆಯದೆಂದು ಕಂಡ ನಡೆ ಇರುತ್ತದೆ. ಇದೆಲ್ಲದರ ಜೊತೆಗೆ ಆಳ. ಎಷ್ಟು ನಡೆ ಮುಂದಕ್ಕೆ ನೋಡಿ ಈ ತೀರ್ಮಾನಕ್ಕೆ ಬಂದೆ ಅನ್ನೋದು.

ಆ ಆಳವಿಲ್ಲದೆ ಅಂಕಕ್ಕೆ ಬೆಲೆ ಇಲ್ಲ. ಈಗ ನನಗೆ ಎಂಟು ನಡೆಗಳಷ್ಟು ಆಳದ ಉತ್ತರ ಬೇಕು, ಕೋಷ್ಟಕದಲ್ಲಿ ಇರುವುದು ಮೂರು ನಡೆ ನೋಡಿ ಬರೆದದ್ದು ಅಂತಿಟ್ಟುಕೊಳ್ಳಿ. ಪ್ರೋಗ್ರಾಂ ಆ ಅಂಕವನ್ನು ಅಂತಿಮ ತೀರ್ಪಾಗಿ ತೆಗೆದುಕೊಳ್ಳುವುದಿಲ್ಲ. ಹಾಗಂತ ಹಳೆಯ ಸಾಲನ್ನು ಎಸೆಯುವುದೂ ಇಲ್ಲ. ಆಗ ಒಳ್ಳೆಯದೆಂದು ಕಂಡ ನಡೆಯನ್ನೇ ಈಗ ಎಲ್ಲಕ್ಕಿಂತ ಮೊದಲು ಪರೀಕ್ಷಿಸುತ್ತದೆ. ಹಳೆಯ ತಿಳಿವಳಿಕೆ ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತದೆಯೇ ಹೊರತು ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದಿಲ್ಲ.

ನನ್ನ "ಬೇಸಿಕ್ಸ್ ವೀಕ್" ಟಿಪ್ಪಣಿಯಲ್ಲಿ ಅಂಕ ಇತ್ತು. ಆಳ ಇರಲಿಲ್ಲ. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಅದು ಫೋನಿನಲ್ಲಿ ನಡೆದ ಇಪ್ಪತ್ತೈದು ನಿಮಿಷದ ಮಾತುಕತೆ. ಹಿಂದೊಂದು ಮೀಟಿಂಗ್, ಮುಂದೊಂದು ಮೀಟಿಂಗ್, ಅವತ್ತೇ ನಮ್ಮ ರಿಲೀಸ್ ದಿನ. ಬಹುಶಃ ಒಂದೋ ಎರಡೋ ಪ್ರಶ್ನೆ ಕೇಳಿರುತ್ತೇನೆ. ಎರಡು ನಡೆ ಆಳ ಅನ್ನಿ. ಓದಿದವರಿಗೆ ಮಾತ್ರ ಅದು ಇಪ್ಪತ್ತು ನಡೆ ನೋಡಿ ಬರೆದ ಹಾಗೆ ಕಾಣಿಸಿತು. "ವೀಕ್" ಅನ್ನೋ ಪದ ಎರಡು ನಿಮಿಷ ಯೋಚಿಸಿ ಬರೆದರೂ ಅಷ್ಟೇ ಉದ್ದ, ಎರಡು ವರ್ಷ ಯೋಚಿಸಿ ಬರೆದರೂ ಅಷ್ಟೇ ಉದ್ದ ತಾನೇ?

ಇಲ್ಲಿ ಆರ್ಥರ್ ಸ್ಯಾಮ್ಯುಯೆಲ್ ಅವರ ವಿಷಯ ಹೇಳಲೇಬೇಕು. ಐಬಿಎಂನಲ್ಲಿದ್ದ ಇವರು 1950ರ ದಶಕದಲ್ಲಿ ಚೆಕರ್ಸ್ ಆಡುವ ಪ್ರೋಗ್ರಾಂ ಬರೆದರು. 1956ರಲ್ಲಿ ಅದನ್ನು ಅಮೆರಿಕದ ಟೆಲಿವಿಷನ್‌ನಲ್ಲೂ ತೋರಿಸಿದರು. ಯಂತ್ರ ತಾನಾಗಿ ಕಲಿಯುವ ಬಗ್ಗೆ 1959ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಈ ಕ್ಷೇತ್ರದವರು ಈಗಲೂ ಓದುತ್ತಾರೆ. ಅದರಲ್ಲಿ ಅವರು ಮೊದಲು ವಿವರಿಸುವ ಕಲಿಕೆ ಅತ್ಯಂತ ಸರಳವಾದದ್ದು. ಬಾಯಿಪಾಠ. ನೋಡಿದ ಸ್ಥಿತಿಯನ್ನೂ ಹುಡುಕಾಟದಿಂದ ಬಂದ ಅಂಕವನ್ನೂ ಮ್ಯಾಗ್ನೆಟಿಕ್ ಟೇಪಿನಲ್ಲಿ ಬರೆದಿಡುವುದು, ಮತ್ತೆ ಸಿಕ್ಕಾಗ ಹುಡುಕುವ ಬದಲು ಟೇಪಿನಲ್ಲಿರುವುದನ್ನು ಬಳಸುವುದು.

ಇದರಲ್ಲೇನು ಕಲಿಕೆ ಅನ್ನಿಸಬಹುದು. ಜಾಣತನ ಇರೋದು ಇಲ್ಲಿ. ಇವತ್ತು ಪ್ರೋಗ್ರಾಂ ಮೂರು ನಡೆ ಮುಂದೆ ನೋಡಿ ಒಂದು ಸ್ಥಿತಿಗೆ ಅಂಕ ಕೊಟ್ಟಿತು. ನಾಳೆ ಇನ್ನೊಂದು ಆಟದಲ್ಲಿ, ಬೇರೆ ಕಡೆಯಿಂದ ಮೂರು ನಡೆ ನೋಡುತ್ತಾ ಹೋದಾಗ ದಾರಿಯ ತುದಿಯಲ್ಲಿ ಅದೇ ಸ್ಥಿತಿ ಸಿಕ್ಕಿತು. ಈಗ ಅದು ನೋಡಿದ್ದು ಮೂರು, ನೆನಪಿನಿಂದ ಬಂದದ್ದು ಮೂರು, ಒಟ್ಟು ಆರು ನಡೆ ನೋಡಿದಷ್ಟು ಫಲ. ಈ ಹೊಸ ಅಂಕವನ್ನೂ ಬರೆದಿಟ್ಟರೆ ಮುಂದೊಂದು ದಿನ ಒಂಬತ್ತು. ಯಂತ್ರದ ವೇಗ ಹೆಚ್ಚಲಿಲ್ಲ, ನೋಟ ಮಾತ್ರ ದೂರ ಹೋಗುತ್ತಾ ಹೋಯಿತು. ಮನುಷ್ಯರು ಅನುಭವ ಅಂತ ಕರೆಯೋದೂ ಸುಮಾರಾಗಿ ಇದನ್ನೇ ಅಲ್ವಾ?

ಆದರೆ ಮೂರು ಆರಾಗಬೇಕಾದರೆ ಎರಡನೇ ಸಲವೂ ಯಂತ್ರ ಮೂರು ನಡೆ ನಿಜವಾಗಿ ಹುಡುಕಿರಬೇಕು. ಸುಮ್ಮನೆ ಹಳೆಯ ಅಂಕವನ್ನು ನಕಲು ಮಾಡಿ "ಆರು" ಅಂತ ಬರೆದುಕೊಂಡರೆ ಅದು ಮೋಸ. ಗುರುವಾರ ನಾನು ಮಾಡಿದ್ದು ಅಂಥದ್ದೇ ಮೋಸ. ಎರಡನೇ ಇಂಟರ್‌ವ್ಯೂನಲ್ಲಿ ನಾನು ಹೊಸದಾಗಿ ಏನನ್ನೂ ಹುಡುಕಲಿಲ್ಲ, ಹಳೆಯದಕ್ಕೆ ಮುದ್ರೆ ಒತ್ತಿದೆ. ಈಗ ಆ ಹುಡುಗನ ದಾಖಲೆಯಲ್ಲಿ ಎರಡು ತಿರಸ್ಕಾರಗಳಿವೆ. ಮೂರನೇ ಸಲ ನೋಡುವವರು ಏನಂದುಕೊಳ್ಳುತ್ತಾರೆ? "ಎರಡು ಸಲ ನೋಡಿದ್ದಾರೆ, ಎರಡು ಸಲವೂ ಬೇಡ ಅಂದಿದ್ದಾರೆ." ನೋಡಿದ್ದು ಒಂದೇ ಸಲ, ಅದೂ ಅರ್ಧಂಬರ್ಧ. ಆಳ ಮಾತ್ರ ದುಪ್ಪಟ್ಟಾಗಿ ಕಾಣುತ್ತಿದೆ.

ಬಂಧುಬಳಗದಲ್ಲಿ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ, ಅಪ್ರೈಸಲ್ ಮೀಟಿಂಗಿನಲ್ಲಿ ಒಬ್ಬರ ಹೆಸರು ಕೆಡುವುದು ಬಹಳ ಸಲ ಹೀಗೇ. ಹತ್ತು ಜನ ಹೇಳುತ್ತಾರೆ, ನೋಡಿದವರು ಒಬ್ಬರೇ ಇರುತ್ತಾರೆ.

ಹಾಗಾದರೆ ಎಲ್ಲರನ್ನೂ ಪ್ರತಿ ಸಲ ಹೊಸದಾಗಿ ನೋಡಬೇಕು, ಹಿಂದಿನದೆಲ್ಲ ಮರೆತುಬಿಡಬೇಕು ಅನ್ನೋಣವೇ? ಹೇಳೋಕೆ ಚೆನ್ನಾಗಿರುತ್ತೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅದಕ್ಕೆ ಕಾರಣ ನಮ್ಮಮ್ಮ.

ನಮ್ಮ ಸೋದರಮಾವನೊಬ್ಬ ಹಿಂದೆ ಅಪ್ಪನ ಹತ್ತಿರ ಸಾಲಕ್ಕೆ ಜಾಮೀನು ಹಾಕಿಸಿಕೊಂಡು ಕಂತು ಕಟ್ಟದೆ ಕೈಯೆತ್ತಿದ. ಅದನ್ನು ತೀರಿಸಲು ಅಮ್ಮನ ಬಳೆ ಹೋದವು. ವರ್ಷಗಳಾದ ಮೇಲೆ ಅವನು ಇನ್ನೊಂದು ಕಾಗದ ಹಿಡಿದು ಬಂದಾಗ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಉದಾರಿಯಾಗಿದ್ದೆ. "ಹಳೇದು ಬಿಡಮ್ಮ, ಜನ ಬದಲಾಗ್ತಾರೆ," ಅಂದೆ. ಅಮ್ಮ ಹೇಳಿದ್ದು ಇಷ್ಟೇ: "ಊಟಕ್ಕೆ ಬಂದ್ರೆ ಬಡಿಸ್ತೀನಿ. ಹುಷಾರಿಲ್ಲ ಅಂದ್ರೆ ನೋಡ್ಕೊಂಡು ಬರ್ತೀನಿ. ಸಹಿ ಮಾತ್ರ ಹಾಕಲ್ಲ."

ಆಗ ನನಗೆ ಅಮ್ಮ ಸಣ್ಣ ಮನಸ್ಸಿನವಳಾಗಿ ಕಂಡಳು. ಈಗ ಅರ್ಥವಾಗುತ್ತೆ. ನನ್ನ ಉದಾರತನಕ್ಕೆ ಬೆಲೆ ತೆರಬೇಕಾಗಿದ್ದವಳು ಅವಳು. ಅವಳ ಕೋಷ್ಟಕದಲ್ಲಿ ಆ ಸಾಲು ಮೇಲ್ಮೇಲೆ ನೋಡಿ ಬರೆದದ್ದಾಗಿರಲಿಲ್ಲ, ವರ್ಷಗಟ್ಟಲೆ ಕಂತು ಕಟ್ಟಿ ಬರೆದದ್ದು. ಅದನ್ನು ಅಳಿಸು ಅಂತ ಹೇಳುವುದು ನ್ಯಾಯವೂ ಅಲ್ಲ. ಚೆಸ್ ಪ್ರೋಗ್ರಾಂಗಳಲ್ಲೂ ಜಾಗ ಸಾಲದಿದ್ದಾಗ ಯಾವ ಸಾಲು ಇಡಬೇಕು, ಯಾವುದು ತೆಗೆಯಬೇಕು ಅನ್ನೋ ಪ್ರಶ್ನೆ ಬರುತ್ತದೆ. ಆಳವಾಗಿ ಹುಡುಕಿ ಬರೆದದ್ದನ್ನು ಉಳಿಸಿಕೊಳ್ಳುವುದು ಅಲ್ಲಿ ಸಾಮಾನ್ಯವಾದ ಪದ್ಧತಿ. ಅಷ್ಟು ಶ್ರಮದಿಂದ ತಿಳಿದದ್ದನ್ನು ಕಳೆದುಕೊಂಡರೆ ಮತ್ತೆ ಅದೇ ಶ್ರಮ ಪಡಬೇಕು.

ಅಮ್ಮನ ಮಾತಿನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅವಳು ತೀರ್ಪು ಕೊಟ್ಟದ್ದು ಮಾವನ ಮೇಲಲ್ಲ, ಮಾವ ಕಾಗದ ಹಿಡಿದು ಬರುವ ಸಂದರ್ಭದ ಮೇಲೆ. ಊಟದ ಮಾವ ಬೇರೆ, ಸಹಿಯ ಮಾವ ಬೇರೆ. ಚೆಸ್ ಪ್ರೋಗ್ರಾಂ ಬರೆದಿಡುವುದೂ ಹಾಗೇ. "ಈ ಕುದುರೆ ಕೆಟ್ಟದ್ದು" ಅಂತ ಅದರ ಕೋಷ್ಟಕದಲ್ಲಿ ಎಲ್ಲೂ ಇರುವುದಿಲ್ಲ. ಈ ಮನೆಯಲ್ಲಿ ಈ ಕುದುರೆ, ಆ ಮನೆಯಲ್ಲಿ ಆ ಆನೆ, ಆಡುವ ಸರದಿ ಕಪ್ಪಿನದು, ಇದೆಲ್ಲ ಸೇರಿದ ಸ್ಥಿತಿಗೆ ಮಾತ್ರ ಅಂಕ. ಒಂದು ಕಾಲಾಳು ಒಂದು ಮನೆ ಸರಿದರೂ ಅದು ಬೇರೆ ಸ್ಥಿತಿ, ಹಳೆಯ ಸಾಲು ಅನ್ವಯಿಸುವುದಿಲ್ಲ. ನಾವು ಮನುಷ್ಯರು ಸಂದರ್ಭದಲ್ಲಿ ಕಂಡದ್ದನ್ನು ವ್ಯಕ್ತಿಯ ಹೆಸರಿನ ಕೆಳಗೆ ಬರೆದಿಡುತ್ತೇವೆ. ಮೂರು ವರ್ಷದ ಹಿಂದೆ, ಬಹುಶಃ ಬಸ್ಸಿನಿಂದಲೋ ಆಫೀಸಿನ ಮೆಟ್ಟಿಲ ಮೇಲಿಂದಲೋ ಕದ್ದು ಮಾತಾಡುತ್ತಿದ್ದ ಹುಡುಗನೊಬ್ಬ ಒಂದು ಪ್ರಶ್ನೆಗೆ ತಡವರಿಸಿದ್ದು ನಿಜವಿರಬಹುದು. ನಾನು ಬರೆದದ್ದು ಅದನ್ನಲ್ಲ, ಅವನೇ ವೀಕ್ ಅಂತ.

ಸ್ಥಿತಿಗೆ ಅಂಕ ಕೊಡುವುದರಲ್ಲೂ ಒಂದು ಹಳೆಯ ತೊಡಕಿದೆ. ಮಣೆಯ ಮೇಲಿನ ಚಿತ್ರ ಒಂದೇ ಇದ್ದರೂ ಅಲ್ಲಿಗೆ ಬಂದ ದಾರಿ ಕೆಲವೊಮ್ಮೆ ಮುಖ್ಯವಾಗುತ್ತದೆ. ಚೆಸ್‌ನಲ್ಲಿ ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಹಾಗಾಗಿ ಮೊದಲ ಸಲ ಬಂದಾಗ ಗೆಲುವಿನಂತೆ ಕಂಡದ್ದು ಮೂರನೇ ಸಲಕ್ಕೆ ಗೆಲುವಲ್ಲ. ಕೋಷ್ಟಕಕ್ಕೆ ಚಿತ್ರ ಕಾಣುತ್ತೆ, ದಾರಿ ಕಾಣಲ್ಲ. ಪರಿಣತರು ಇದಕ್ಕೊಂದು ಉದ್ದನೆಯ ಹೆಸರಿಟ್ಟು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಒಂದೇ ಉತ್ತರ ಕೊಟ್ಟ ಇಬ್ಬರು ಅಭ್ಯರ್ಥಿಗಳು ಅಲ್ಲಿಗೆ ಬಂದ ದಾರಿ ಬೇರೆ ಬೇರೆ ಅಂತ ನಮಗೂ ಗೊತ್ತು. ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲ.

ಮರೆವಿನ ಬಗ್ಗೆಯೂ ಸ್ಯಾಮ್ಯುಯೆಲ್ ಯೋಚಿಸಿದ್ದರು. ಅವರ ಟೇಪಿನಲ್ಲಿ 53,000ಕ್ಕೂ ಹೆಚ್ಚು ಸ್ಥಿತಿಗಳು ಸೇರಿದ್ದವು, ಅದೂ ಬೇಡದ್ದನ್ನೆಲ್ಲ ಸೋಸಿ ತೆಗೆದ ಮೇಲೆ. ಸೋಸುವ ಕ್ರಮ ಹೀಗಿತ್ತು: ಪ್ರತಿ ಸ್ಥಿತಿಗೂ ಒಂದು ವಯಸ್ಸು. ದಿನ ಕಳೆದಂತೆ ವಯಸ್ಸು ಏರುತ್ತದೆ. ಯಾವಾಗಲಾದರೂ ಆ ಸ್ಥಿತಿ ಉಪಯೋಗಕ್ಕೆ ಬಂದರೆ ವಯಸ್ಸು ಅರ್ಧಕ್ಕೆ ಇಳಿಯುತ್ತದೆ. ಯಾರೂ ಕೇಳದೆ ಮುದಿಯಾದದ್ದು ಟೇಪಿನಿಂದ ಹೊರಗೆ.

ನಮ್ಮ ಸಿಟ್ಟು ಸೆಡವುಗಳೂ ಹೀಗೇ ಬದುಕುತ್ತವೆ. ಹೇಳಿಕೊಂಡಷ್ಟೂ ಅವಕ್ಕೆ ಪ್ರಾಯ ಬರುತ್ತದೆ. ಮಾತಿಗೆ ಬಾರದೆ ಬಿದ್ದಿದ್ದು ತಾನಾಗಿ ಸಾಯುತ್ತದೆ. ಆದರೆ ಸ್ಯಾಮ್ಯುಯೆಲ್ ಮರೆವು ಇಟ್ಟದ್ದು ದಯೆಯಿಂದಲ್ಲ, ಜಾಗ ಮತ್ತು ಸಮಯದ ಉಳಿತಾಯಕ್ಕೆ. ನಮ್ಮ ಹಿಂದಿನ ತಲೆಮಾರಿನವರು ಎಷ್ಟೋ ವಿಷಯ ಕ್ಷಮಿಸಿದ್ದೂ ನೆನಪಿಡಲು ಆಗದ್ದಕ್ಕೇ ಇರಬಹುದು. ನಮ್ಮ ಕಾಲದಲ್ಲಿ ಆ ಸಹಾಯ ಇಲ್ಲ. ಸ್ಟೋರೇಜ್ ಅಗ್ಗ, ಯಾವ ಟಿಪ್ಪಣಿಯೂ ತಾನಾಗಿ ಮುದಿಯಾಗಲ್ಲ. ಮರೆಯುವುದನ್ನೂ ಯಾರಾದರೂ ಕೂತು ನಿರ್ಧರಿಸಬೇಕು.

ಬಾಯಿಪಾಠದ ಕಲಿಕೆಗೆ ಮಿತಿಯಿದೆ ಅಂತಲೂ ಸ್ಯಾಮ್ಯುಯೆಲ್ ಕಂಡುಕೊಂಡರು. ಅವರ ಪ್ರೋಗ್ರಾಂ ಆಟದ ಆರಂಭವನ್ನು ಚೆನ್ನಾಗಿ ಕಲಿತಿತು, ಅಂತ್ಯದ ಸೋಲು ಗೆಲುವುಗಳನ್ನೂ ಮುಂಚೆಯೇ ಗುರುತಿಸುತ್ತಿತ್ತು. ನಡುವಿನ ಆಟದಲ್ಲಿ ಮಾತ್ರ ಅಷ್ಟೇನೂ ಸುಧಾರಿಸಲಿಲ್ಲ. ಅದಕ್ಕೇ ಅವರು ಇನ್ನೊಂದು ಬಗೆಯ ಕಲಿಕೆಯನ್ನೂ ಪ್ರಯತ್ನಿಸಿದರು. ಸ್ಥಿತಿಗಳನ್ನು ಒಂದೊಂದಾಗಿ ನೆನಪಿಡುವ ಬದಲು, ಹುಡುಕಾಟದಿಂದ ಬಂದ ಅಂಕವನ್ನೂ ಮೊದಲ ನೋಟದ ಅಂದಾಜನ್ನೂ ಹೋಲಿಸಿ ಅಂದಾಜು ಮಾಡುವ ಸೂತ್ರವನ್ನೇ ತಿದ್ದಿಕೊಳ್ಳುತ್ತಾ ಹೋಗುವುದು. 2017ರಲ್ಲಿ ಬಂದ ಆಲ್ಫಾಝೀರೋ ಈ ದಾರಿಯಲ್ಲೇ ಬಹಳ ದೂರ ಹೋಯಿತು. ತನ್ನೊಂದಿಗೆ ತಾನೇ ಚೆಸ್‌ನ 4 ಕೋಟಿ 40 ಲಕ್ಷ ಆಟ ಆಡಿ, ಪ್ರತಿ ಹುಡುಕಾಟದ ಫಲವನ್ನೂ ತನ್ನ ನರಜಾಲದೊಳಗೆ ಕರಗಿಸಿಕೊಂಡಿತು. ಯಾವ ಆಟದಿಂದ ಯಾವ ಪಾಠ ಕಲಿತೆ ಅಂತ ಅದನ್ನು ಕೇಳುವ ಹಾಗಿಲ್ಲ, ಉಪ್ಪು ನೀರಿನಲ್ಲಿ ಕರಗಿದ ಹಾಗೆ.

ನನ್ನ ಗೆಳೆಯನೊಬ್ಬ ಇದನ್ನು ಕೇಳಿ, "ಹಾಗಾದ್ರೆ ಟಿಪ್ಪಣಿನೇ ಬೇಡ ಬಿಡು, ಅನುಭವಸ್ಥರ ಕಣ್ಣು ಸಾಕು," ಅಂದ. ನನಗೆ ಅದು ಇನ್ನೂ ಹೆಚ್ಚಿನ ಭಯ ಹುಟ್ಟಿಸುತ್ತೆ. ಕರಗಿದ ಅನುಭವಕ್ಕೆ ಶಕ್ತಿ ಹೆಚ್ಚು, ಆಟದಲ್ಲಿ ಅದೇ ಗೆಲ್ಲುತ್ತದೆ. ಆದರೆ "ಈ ಕಾಲೇಜಿನವರು ಹೀಗೇ", "ಈ ಕಡೆಯವರು ಹೀಗೇ" ಅನ್ನುವ ನನ್ನೊಳಗಿನ ಅಂದಾಜು ಯಾವ ಸಂಜೆ, ಯಾರಿಂದ ಬಂತು ಅಂತ ನನಗೇ ಗೊತ್ತಿಲ್ಲ. ಅದನ್ನು ಯಾರೂ ಪ್ರಶ್ನಿಸಲಾರರು. ನನ್ನ ಎರಡು ವಾಕ್ಯದ ಟಿಪ್ಪಣಿ ಕೆಟ್ಟದ್ದಾದರೂ ಅದರ ಕೆಳಗೆ ಹೆಸರಿತ್ತು, ತಾರೀಖು ಇತ್ತು. ಹಾಗಾಗಿಯೇ ನಾನು ಸಿಕ್ಕಿಬಿದ್ದೆ.

ಇನ್ನೊಬ್ಬರ ಬಗ್ಗೆ ನೆನಪಿಡುವ ಹಕ್ಕು ನಮಗಿದೆ ಅಂತ ನನ್ನ ಅನಿಸಿಕೆ. ಅಮ್ಮನಂಥವರಿಗೆ ಅದು ರಕ್ಷಣೆ. ಆದರೆ ಆ ನೆನಪನ್ನು ಇನ್ನೊಬ್ಬರ ಕೈಗೆ ಕೊಡುವಾಗ, ಅದರ ಮೇಲೆ ಒಬ್ಬರ ಅನ್ನದ ದಾರಿ ನಿರ್ಧಾರವಾಗುವಾಗ, ಎಷ್ಟು ನೋಡಿ ಹೇಳುತ್ತಿದ್ದೇನೆ ಅನ್ನೋದನ್ನೂ ಜೊತೆಗೆ ಕೊಡುವುದು ಸಾಲದ ಹಾಗೆ ನಮ್ಮ ಮೇಲಿದೆ. ಯಂತ್ರ ಇದನ್ನು ಪ್ರಾಮಾಣಿಕತೆಯಿಂದ ಮಾಡುವುದಿಲ್ಲ, ಇಲ್ಲದಿದ್ದರೆ ಸೋಲುತ್ತೆ ಅಂತ ಮಾಡುತ್ತೆ. ನಾವು ಮಾಡದಿದ್ದರೆ ಸೋಲುವುದು ನಾವಲ್ಲ, ಮೇಜಿನ ಆಚೆ ಕೂತವರು. ನಮಗೆ ಅವಸರ ಇಲ್ಲದಿರುವುದು ಅದಕ್ಕೇ.

ಸೋಮವಾರ ಎಚ್‌ಆರ್ ಹತ್ತಿರ ಹೋಗಿ ಆ ಹುಡುಗನನ್ನು ಮತ್ತೆ ಕರೆಯಬಹುದಾ ಅಂತ ಕೇಳಿದೆ. ತಿರಸ್ಕರಿಸಿದವರನ್ನು ಆರು ತಿಂಗಳು ಕರೆಯುವ ಹಾಗಿಲ್ಲ, ನಿಯಮ ಅಂದರು. ಟಿಪ್ಪಣಿ ಅಳಿಸಬಹುದಾ? ಅದೂ ಆಗಲ್ಲ, ಬೇಕಾದರೆ ಕೆಳಗೆ ಸೇರಿಸಬಹುದು. ಮೊದಲನೆಯದರ ಕೆಳಗೆ ಸೇರಿಸಿದೆ: "ಫೋನ್, 25 ನಿಮಿಷ, ಒಂದೆರಡು ಪ್ರಶ್ನೆ, ಸಂದರ್ಶಕನಿಗೆ ಅವಸರವಿತ್ತು." ಎರಡನೆಯದರ ಕೆಳಗೆ ಬರೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಮ್ಯಾನೇಜರ್ ಕೂಡ ಇದನ್ನು ಓದಬಹುದು ಅಂತ ಗೊತ್ತಿತ್ತು. ಕೊನೆಗೆ ಬರೆದೆ: "ಹಳೆಯ ಟಿಪ್ಪಣಿ ಓದಿಕೊಂಡು ಮಾಡಿದ ಸಂದರ್ಶನ. ಹೊಸದಾಗಿ ಏನೂ ಪರೀಕ್ಷಿಸಿಲ್ಲ. ಇದನ್ನು ಎರಡನೇ ಅಭಿಪ್ರಾಯ ಅಂತ ಎಣಿಸಬೇಡಿ."

ಎಚ್‌ಆರ್‌ನವರು ಓದಿ, "ಇದನ್ನ ಹೀಗೇ ಇಡಬೇಕಾ ಸರ್?" ಅಂತ ಕೇಳಿದರು. ಹೌದು ಅಂದೆ.

ಆರು ತಿಂಗಳಾದ ಮೇಲೆ ಅವನು ಮತ್ತೆ ಅರ್ಜಿ ಹಾಕುತ್ತಾನೋ ಇಲ್ಲವೋ. ನಾನಾಗಿದ್ದರೆ ಹಾಕುತ್ತಿರಲಿಲ್ಲ.